ತೋಕ್ ಪೂ ಮುಡಿದ ಕೋವಿ, ಎರಡು ಪಾಳೆಯದ ಅಣ್ಣತಮ್ಮಂದಿರು

ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್. ಆ ದಿನ ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ಕೋವಿಗಳನ್ನು ಒರೆಸಿ ದೀಪದ ಮುಂದೆ ಸಾಲಾಗಿ ಇಡುತ್ತಾರೆ. ನಳಿಗೆಯ ಬಾಯಿಗೆ ಕೆಂಪು ಹಳದಿ ಎಸಳಿನ ತೋಕ್ ಪೂ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಇದು ಕೊಡವರ ಹಳೆಯ ರೂಢಿ. ಈ ಕೋವಿಗೆ ಪರವಾನಗಿ ಬೇಡವೆಂಬ ವಿನಾಯಿತಿ ಬಂದದ್ದು 1861ರಲ್ಲಿ, 1857ರ ದಂಗೆಯ ಹೊತ್ತಿಗೆ ಕೊಡಗು ತೋರಿದ ನಿಷ್ಠೆಗೆ. ಅದನ್ನು ಹೇಳುವಾಗ ನಮ್ಮವರ ಎದೆ ಉಬ್ಬುತ್ತದೆ. ನಿಷ್ಠೆ ಯಾರಿಗೆ ಎಂದು ಕೇಳಿದರೆ ಮಾತು ಬೇರೆ ಕಡೆ ತಿರುಗುತ್ತದೆ.

1834ರ ಏಪ್ರಿಲ್‌ನಲ್ಲಿ ಮಡಿಕೇರಿಗೆ ನುಗ್ಗಿ, ಕೊಡಗಿನ ಅರಸ ಚಿಕ್ಕವೀರರಾಜನನ್ನು ಕಾಶಿಗೆ ಸಾಗಹಾಕಿದ್ದು ಇದೇ ಬ್ರಿಟಿಷರು. ಅವರ ಮೇಲೆ ದಂಡೆತ್ತಿದ ಗುಡ್ಡೆಮನೆ ಅಪ್ಪಯ್ಯ ಗೌಡರು 1837ರಲ್ಲಿ ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿದರು.

ಮೊದಲ ಮಹಾಯುದ್ಧಕ್ಕೆ ಭಾರತದಿಂದ ಹಡಗು ಹತ್ತಿದವರು 10 ಲಕ್ಷಕ್ಕೂ ಹೆಚ್ಚು. ಸತ್ತವರು ಸುಮಾರು 74 ಸಾವಿರ. ಇರಾಕಿನ ಟೈಗ್ರಿಸ್ ದಂಡೆಯ ಕೂಟ್‌ನಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕವರು ಹಸಿವಿನಿಂದ ಸೋತು 1916ರ ಏಪ್ರಿಲ್‌ನಲ್ಲಿ ಶರಣಾದರು. ಬಸ್ರಾದ ಸ್ಮಾರಕದಲ್ಲಿ ಬ್ರಿಟಿಷ್ ಸಿಪಾಯಿಗೂ ಹೆಸರಿದೆ, ಭಾರತೀಯ ಅಧಿಕಾರಿಗೂ ಹೆಸರಿದೆ. ಭಾರತದ ಸಾಮಾನ್ಯ ಸಿಪಾಯಿಗೆ ಕೆತ್ತಿದ್ದು ಪಲ್ಟನ್‌ವಾರು ಲೆಕ್ಕ ಮಾತ್ರ: ಇಂತಿಷ್ಟು ಮಂದಿ. ಇಂಥವನಿಗೆ ಎರಡು ಗುಂಡು ಹಾರಿಸುವವರು ಯಾರು?

ಮುಂದಿನ ಯುದ್ಧ ಕೈಲ್ ಪೊಳ್ದ್ ದಿನವೇ ಬಂತು. 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೊ ನಮ್ಮ ಯಾವ ಪ್ರತಿನಿಧಿಯನ್ನೂ ಕೇಳದೆ ಭಾರತವನ್ನು ಯುದ್ಧಕ್ಕೆ ಎಳೆದ. ಪ್ರಾಂತ್ಯಗಳ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟವು. 1940ರ ಅಕ್ಟೋಬರ್‌ನಲ್ಲಿ ಗಾಂಧೀಜಿ ವೈಯಕ್ತಿಕ ಸತ್ಯಾಗ್ರಹ ಆರಂಭಿಸಿದರು. ಬ್ರಿಟಿಷರ ಯುದ್ಧಕ್ಕೆ ಜನವಾಗಲಿ ಹಣವಾಗಲಿ ಕೊಡುವುದು ತಪ್ಪು ಎಂದು ಬಹಿರಂಗವಾಗಿ ಹೇಳಿ ಜೈಲಿಗೆ ಹೋಗುವುದು, ಅಷ್ಟೇ. ಹಿಟ್ಲರ್ ಗೆಲ್ಲಲಿ ಎಂದು ಹಾರೈಸಿದವರಲ್ಲ ಅವರು. ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತೇವೆಂದವರು ನಮಗೇಕೆ ಅದನ್ನು ಕೊಡುವುದಿಲ್ಲ ಎಂದು ಕೇಳಿದವರು. ಆ ಪ್ರಶ್ನೆ ನನಗೆ ಇಂದಿಗೂ ಸರಿಯೆನಿಸುತ್ತದೆ.

ಅದರ ಬಿಸಿ ತಟ್ಟಿದ್ದು ಮಡಿಕೇರಿಯ ಒಂದು ಮನೆಗೆ. 1942ರ ಫೆಬ್ರುವರಿಯಲ್ಲಿ ಸಿಂಗಾಪುರ ಬಿದ್ದಾಗ ಅಲ್ಲಿದ್ದ ಅಣ್ಣ ಜಪಾನಿಯರ ಸೆರೆಯಾಗಿ, ಆಮೇಲೆ ಆಜಾದ್ ಹಿಂದ್ ಫೌಜ್ ಸೇರಿದರು. ತಮ್ಮ ಬ್ರಿಟಿಷರ ಸೇನೆಯಲ್ಲೇ ಉಳಿದು, 1945ರಲ್ಲಿ ಬರ್ಮಾದ ಕಾಂಗಾವ್‌ನಲ್ಲಿ ಪಲ್ಟನ್ ನಡೆಸಿದರು. ಅವರೇ ಮುಂದೆ ಜನರಲ್ ತಿಮ್ಮಯ್ಯ. ಒಂದೇ ತಾಯಿಯ ಮಕ್ಕಳು, ಒಂದೇ ಯುದ್ಧ, ಎರಡು ಸಮವಸ್ತ್ರ. ತಿಮ್ಮಯ್ಯನವರ ಹೆಸರಿನಲ್ಲಿ ವಸ್ತುಸಂಗ್ರಹಾಲಯವಿದೆ. ಅಣ್ಣನ ಹೆಸರು ಕೇಳಿದರೆ ಊರಿನಲ್ಲೇ ಹಲವರು ತಡವರಿಸುತ್ತಾರೆ.

1953ರಲ್ಲಿ ತಿಮ್ಮಯ್ಯ ಕೊರಿಯಾಕ್ಕೆ ಹೋದರು, ಈ ಸಲ ಕಾದಾಡಲು ಅಲ್ಲ. ಊರಿಗೆ ಮರಳಲು ಒಪ್ಪದ ಸಾವಿರಾರು ಯುದ್ಧಕೈದಿಗಳ ಹೊಣೆ ಹೊತ್ತ ಆಯೋಗಕ್ಕೆ ಅವರು ಅಧ್ಯಕ್ಷರು. ಆ ಕೈದಿಗಳಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿ ಎರಡೂ ಕಡೆ ಬೇಡವೆಂದು ಭಾರತಕ್ಕೆ ಹೊರಟ ಹಡಗು ಹತ್ತಿದರು.