ಕೊಳಲಿನ ಸ್ವರ ನುಂಗುವ ಯಂತ್ರ

ಕಿವಿ ಮಂದವಾದ ಕೊಳಲು ವಾದಕರೊಬ್ಬರು ಹೊಸ ಹಿಯರಿಂಗ್ ಏಡ್ ಹಾಕಿಕೊಂಡು ಮೇಲಿನ ಸ್ವರವೊಂದನ್ನು ಉದ್ದಕ್ಕೆ ಹಿಡಿಯುತ್ತಾರೆ. ಸ್ವಲ್ಪ ಹೊತ್ತಿಗೇ ಸ್ವರ ನಡುಗುತ್ತದೆ, ಇಲ್ಲವೇ ಸಣ್ಣಗಾಗಿ ಮಾಯವಾಗುತ್ತದೆ. ಉಸಿರು ಸರಿಯಾಗೇ ಇದೆ. ಎಡವಿದ್ದು ಯಂತ್ರ. ತಾನೇ ಕುಯ್ ಎಂದು ಸೀಟಿ ಹೊಡೆಯದಂತೆ ನೋಡಿಕೊಳ್ಳುವ ಏರ್ಪಾಡು ಅದರೊಳಗಿರುತ್ತದೆ. ಅಲುಗಾಡದೆ ನಿಂತ ಸ್ವರವನ್ನೂ ಅದು ಸೀಟಿ ಎಂದೇ ತಿಳಿದು ಅದುಮಿಬಿಡುತ್ತದೆ. ಶ್ರುತಿಶುದ್ಧವಾಗಿ ನುಡಿಸಿದಷ್ಟೂ ಅದರ ಅನುಮಾನ ಜಾಸ್ತಿ.

ಕಿವಿ ಕೇಳಿಸದಿದ್ದರೆ ಸದ್ದು ಜೋರು ಮಾಡಿದರಾಯಿತು ಎಂದು ನಾವು ಸುಮ್ನೆ ಅಂದುಕೊಳ್ಳುತ್ತೇವೆ. ಸಂಗೀತಗಾರರ ಕಷ್ಟ ಅಷ್ಟಕ್ಕೇ ಮುಗಿಯುವುದಿಲ್ಲ.

ಒಳಕಿವಿಯ ಸುರುಳಿಯಲ್ಲಿ ಸದ್ದನ್ನು ಹಿಡಿಯುವ ಸುಮಾರು 15,000 ರೋಮಕೋಶಗಳಿವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಜೋರು ಸದ್ದಿನ ಪೆಟ್ಟು ಸಾಮಾನ್ಯವಾಗಿ ಮೊದಲು ಬೀಳುವುದು 4000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಆಸುಪಾಸಿನಲ್ಲಿ. ಪಿಯಾನೋದ ಬಲಗಡೆಯ ಕಟ್ಟಕಡೆಯ ಮನೆಯೇ 4186 ಹರ್ಟ್ಸ್. ಅಷ್ಟು ಮೇಲಿನ ಸ್ವರ ಯಾವ ಹಾಡಿನಲ್ಲೂ ಬರುವುದು ಅಪರೂಪ, ಹೋದರೆ ಏನಂತೆ ಅಲ್ವಾ? ಆದರೆ ಪ್ರತಿ ಸ್ವರದ ಬೆನ್ನಿಗೂ ಅದರ ಎರಡು ಪಟ್ಟು, ಮೂರು ಪಟ್ಟು, ಹತ್ತು ಪಟ್ಟು ಆವರ್ತನದ ಉಪಸ್ವರಗಳಿರುತ್ತವೆ. ಪಿಟೀಲು ಪಿಟೀಲಿನಂತೆ ಕೇಳಿಸುವುದು ಅವುಗಳಿಂದ. ಅವು ಮಸುಕಾದರೆ ಕಮಾನು ತಂತಿಯನ್ನು ಕಚ್ಚುವ ಆ ಸಣ್ಣ ಸದ್ದು ಹೋಯಿತು. ಕಂಬಳಿಯ ಆಚೆಯಿಂದ ನುಡಿಸಿದ ಹಾಗೆ. ಕೆಲವರಿಗೆ ಒಂದೇ ಸ್ವರ ಎರಡು ಕಿವಿಯಲ್ಲಿ ಎರಡು ಶ್ರುತಿಯಾಗಿ ಕೇಳಿಸುತ್ತದೆ. ಇದರ ಜೊತೆಗೆ ಕಿವಿಯೊಳಗಿನ ಮೊರೆತ ಬೇರೆ. ಚೆಕ್ ಸಂಯೋಜಕ ಸ್ಮೆತಾನಾ 1874ರಲ್ಲಿ ಕಿವುಡರಾದರು. 1876ರಲ್ಲಿ ನಾಲ್ಕು ತಂತಿವಾದ್ಯಗಳಿಗೆಂದು ಬರೆದ ಕ್ವಾರ್ಟೆಟ್‌ನ ಕೊನೆಯ ಭಾಗದಲ್ಲಿ ತಮ್ಮ ಕಿವಿಯ ಮೊರೆತವನ್ನೇ ಪಿಟೀಲಿನ ಒಂದು ಎತ್ತರದ, ಎಳೆದ ಸ್ವರವಾಗಿ ಇಟ್ಟರು.

ಹಿಯರಿಂಗ್ ಏಡ್ ಮಾಡಿರುವುದು ಮಾತಿಗಾಗಿ. ಮಾಮೂಲಿ ಮಾತು 60 ಡೆಸಿಬೆಲ್ ಸುತ್ತಮುತ್ತ ಇರುತ್ತದೆ. ಡ್ರಮ್ಮಿನ ಪೆಟ್ಟು 100 ದಾಟುತ್ತದೆ. ಅಷ್ಟು ಸದ್ದು ಎಷ್ಟೋ ಯಂತ್ರಗಳಲ್ಲಿ ಮೈಕಿನ ಹತ್ತಿರವೇ ಒಡೆದುಹೋಗುತ್ತದೆ. ಆಮೇಲೆ ವಾಲ್ಯೂಮ್ ಇಳಿಸಿದರೂ ಪ್ರಯೋಜನವಿಲ್ಲ. ಅದಕ್ಕೇ ಕಿವಿ ಪರೀಕ್ಷಿಸಿ ಯಂತ್ರ ಹೊಂದಿಸುವ ಆಡಿಯಾಲಜಿಸ್ಟ್ ಹತ್ತಿರ ಹೋಗುವಾಗ ವಾದ್ಯವನ್ನೂ ಒಯ್ಯಬೇಕು, ಅಲ್ಲೇ ನುಡಿಸಬೇಕು. ಸಂಗೀತಕ್ಕೆಂದೇ ಬೇರೆ ಪ್ರೋಗ್ರಾಂ ಹಾಕಿಸಿಕೊಳ್ಳಬೇಕು: ಸೀಟಿ ತಡೆಯುವುದನ್ನೂ, ಗದ್ದಲ ಕಡಿಮೆ ಮಾಡುವುದನ್ನೂ ಆದಷ್ಟು ಆಫ್ ಮಾಡಿಸಿ. ಇದನ್ನು ಕೇಳಲು ಯಾರೂ ಸಂಕೋಚಪಡಬಾರದು.

ಕಾರ್ಯಕ್ರಮ ತಪ್ಪೀತು ಎಂಬ ಭಯಕ್ಕೆ ಎಷ್ಟೋ ಜನ ಕಿವಿ ಮಂದವಾದದ್ದನ್ನು ಮುಚ್ಚಿಡುತ್ತಾರೆ. ಆ ಭಯ ನಿಜವಾದದ್ದೇ. ಆದರೆ ಮುಚ್ಚಿಟ್ಟಷ್ಟು ದಿನ ಉಳಿದ ಕೋಶಗಳಿಗೂ ಪೆಟ್ಟು ಬೀಳುತ್ತಲೇ ಇರುತ್ತದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಎನ್ನುತ್ತಾರೆ. ಸದ್ದು ಏರಿದರೆ ಪ್ರತಿ 3 ಡೆಸಿಬೆಲ್‌ಗೆ ಆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬೆಲ್‌ನಲ್ಲಿ ಸಿಗುವುದು ಬರೀ 15 ನಿಮಿಷ. ಸ್ಪಂಜಿನ ಇಯರ್‌ಪ್ಲಗ್ ಮೇಲಿನ ಸ್ವರಗಳನ್ನೇ ಜಾಸ್ತಿ ನುಂಗುತ್ತದೆ. ಸಂಗೀತಗಾರರಿಗೆಂದು ಮಾಡಿದ್ದು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಒಂದೇ ಸಮ ತಗ್ಗಿಸುತ್ತದೆ.

ಸ್ಕಾಟ್ಲೆಂಡಿನ ತಾಳವಾದ್ಯಗಾರ್ತಿ ಎವೆಲಿನ್ ಗ್ಲೆನಿ 12ನೇ ವಯಸ್ಸಿಗೇ ಬಹುಪಾಲು ಕಿವುಡರಾದವರು. ಬರಿಗಾಲಲ್ಲಿ ನಿಂತು ನುಡಿಸುತ್ತಾರೆ. ಕೆಳಗಿನ ಸ್ವರಗಳು ಕಾಲಿಗೆ, ಮೇಲಿನವು ಮುಖ, ಕತ್ತಿಗೆ ತಾಗುತ್ತವಂತೆ. ಇದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಯಂತ್ರಕ್ಕೆ ಒಗ್ಗಿಕೊಳ್ಳುವುದಕ್ಕೂ ಮಿದುಳಿಗೆ ವಾರಗಟ್ಟಲೆ ಬೇಕು. ಮೊದಲು ಒಬ್ಬರೇ ಕೂತು, ಬಾಯಿಪಾಠವಾಗಿರುವ ಒಂದು ಹಾಡನ್ನು ನಿಧಾನವಾಗಿ ನುಡಿಸಿ. ಕಿವಿಗೆ ಸಿಗದ ಸ್ವರ ನೆನಪಿನಲ್ಲಿರುತ್ತದೆ, ಬೆರಳಿಗೂ ಗೊತ್ತಿರುತ್ತದೆ. ಜೊತೆಗಾರರನ್ನು ಆಮೇಲೆ ಒಬ್ಬೊಬ್ಬರನ್ನಾಗಿ ಕರೆಯಿರಿ.