“ಒಂದು ಜೀಪು ಹೋಗೋವಷ್ಟಾದ್ರೂ ಅಗಲ ಇರ್ಲಿ”

ಈ ಮಾತು ಬಾರದೆ ಮುಗಿದ ಮೀಟಿಂಗ್ ಒಂದೂ ನನಗೆ ನೆನಪಿಲ್ಲ. ಮಲೆನಾಡಿನ ಸಣ್ಣ ಊರು, ಪಟ್ಟಣ ಪಂಚಾಯಿತಿ ಸಭಾಂಗಣ, ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಅಂಟಿಸಿದ ನಕ್ಷೆ. ಊರ ಹಿಂದಿನ ಗುಡ್ಡದಲ್ಲಿ ಸೈಕಲ್ ತುಳಿಯೋಕೆ ಆರು ಕಿಲೋಮೀಟರ್ ಮಣ್ಣಿನ ದಾರಿ ಮಾಡೋಣ, ಮೋಟಾರಿಗೆ ಅಲ್ಲಿ ಜಾಗ ಇಲ್ಲ ಅಂತ ಹುಡುಗರು ಹೇಳುತ್ತಾರೆ. ಎಲ್ಲರೂ ತಲೆಯಾಡಿಸುತ್ತಾರೆ. ಹೋಂಸ್ಟೇಯವರು ಖುಷಿ. ಕಾಫಿ ಬರುತ್ತದೆ. ಆಗ ಹಿಂದಿನ ಸಾಲಿನಿಂದ ಹಿರಿಯರೊಬ್ಬರು, ನಿಜವಾದ ಕಾಳಜಿಯಿಂದಲೇ, “ಎಲ್ಲ ಸರಿ ಸಾರ್. ಆದ್ರೆ ಎಮರ್ಜೆನ್ಸಿ ಅಂತ ಬಂದ್ರೆ? ಒಂದು ಜೀಪು ಹೋಗೋವಷ್ಟಾದ್ರೂ ಅಗಲ ಇರ್ಲಿ” ಅನ್ನುತ್ತಾರೆ. ಮತ್ತೆ ಎಲ್ಲರೂ ತಲೆಯಾಡಿಸುತ್ತಾರೆ. ಮೊದಲಿನದಕ್ಕಿಂತ ಜೋರಾಗಿ.

ನಾನು ಓದಿದ್ದು ಮಣ್ಣು-ನೀರು ಸಂರಕ್ಷಣೆಯ ಎಂಜಿನಿಯರಿಂಗ್. ವರ್ಷಗಟ್ಟಲೆ ಮಾಡಿದ್ದು ತೋಟದ ಬಸಿಗಾಲುವೆ, ಇಂಗುಗುಂಡಿ, ಕೆರೆಕೋಡಿಯ ಕೆಲಸ. ಸೈಕಲ್ ದಾರಿ ಕೈಗೆ ಬಂದದ್ದು ತಡವಾಗಿ. ಮಂಡಿ ನೋವಿನಿಂದಾಗಿ ನಾನು ಸವಾರಿ ಮಾಡುವುದೂ ಇಲ್ಲ. ಆದ್ದರಿಂದ ಟೈರು, ಸಸ್ಪೆನ್ಷನ್ ಬಗ್ಗೆ ನನ್ನನ್ನು ಕೇಳಬೇಡಿ. ಅಗಲದ ಬಗ್ಗೆ ಮಾತ್ರ ಹೇಳುತ್ತೇನೆ, ಸ್ವಲ್ಪ ಉದ್ದವಾಗಿಯೇ.

ಗುಡ್ಡದ ಓರೆ 40 ಪರ್ಸೆಂಟ್ ಇದೆ ಅಂದುಕೊಳ್ಳಿ. ಅಂದರೆ 10 ಅಡಿ ಮುಂದೆ ಹೋದರೆ 4 ಅಡಿ ಏರು. ನಮ್ಮ ಕಡೆ ಇದು ದೊಡ್ಡ ಓರೆಯೇನಲ್ಲ. ಅದರ ಮೈಗೆ ಅಡ್ಡಲಾಗಿ 3 ಅಡಿ ಅಗಲದ ದಾರಿ ಕೂರಿಸಬೇಕಾದರೆ ಒಳಬದಿಯಲ್ಲಿ ಸುಮಾರು 1 ಅಡಿ 2 ಅಂಗುಲ ಕಡಿದರೆ ಸಾಕು. ಒಬ್ಬ ಆಳು ಗುದ್ದಲಿ ಹಿಡಿದು ಮಾಡುವ ಕೆಲಸ. ಅದೇ ಜೀಪಿಗೆ ಅಂತ 9 ಅಡಿ ಮಾಡಿದಿರೋ, ಒಳಬದಿಯ ಬರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ, 3 ಅಡಿ 7 ಅಂಗುಲ ಎದ್ದು ನಿಲ್ಲುತ್ತದೆ. ಅಗಲ ಮೂರು ಪಟ್ಟಾಯಿತು, ಬರೆಯ ಎತ್ತರವೂ ಮೂರು ಪಟ್ಟಾಯಿತು. ತೆಗೆಯುವ ಮಣ್ಣು? ಮೂರು ಪಟ್ಟಲ್ಲ ಸ್ವಾಮಿ, ಒಂಬತ್ತು ಪಟ್ಟು. 100 ಅಡಿ ಉದ್ದಕ್ಕೆ ಸಣ್ಣ ದಾರಿಯಲ್ಲಿ 180 ಘನ ಅಡಿ ಮಣ್ಣು ಏಳುತ್ತದೆ, ದೊಡ್ಡದರಲ್ಲಿ 1,620. ಒಂದು ಟ್ರ್ಯಾಕ್ಟರ್ ಲೋಡಿಗೆ 100 ಘನ ಅಡಿ ಹಿಡಿದರೆ ಮೊದಲನೆಯದು ಎರಡು ಲೋಡಿಗೂ ಕಡಿಮೆ, ಎರಡನೆಯದು ಹದಿನಾರು. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದರೂ “ಹಾಗಾದ್ರೆ ಏಳಡಿ ಮಾಡಿ” ಅಂತ ಚೌಕಾಸಿ ಮಾಡಿದವರಿದ್ದಾರೆ. ತರಕಾರಿ ಸಂತೆಯೇ?

ಆ ಹದಿನಾರು ಲೋಡು ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಜೆಸಿಬಿಯವನು ಕೆಳಬದಿಗೆ ತಳ್ಳುತ್ತಾನೆ. ಸಡಿಲ ಮಣ್ಣು ಹುಲ್ಲಿನ ಮೇಲೆ, ಗಿಡದ ಬುಡದ ಮೇಲೆ ಕೂತಿರುತ್ತದೆ. ಪುನರ್ವಸು ಮಳೆ ಹಿಡಿದಾಗ ಅದು ಇಳಿದು ಕೆಳಗಿನವರ ಗದ್ದೆಗೆ, ಇಲ್ಲ ಹಳ್ಳಕ್ಕೆ ಬೀಳುತ್ತದೆ. ಮೇಲಿನ ಕಡಿದ ಬರೆಯಲ್ಲಿ ಒರತೆ ಒಡೆಯುತ್ತದೆ, ಬರೆ ಕುಸಿಯುತ್ತದೆ, ಮತ್ತೆ ಜೆಸಿಬಿ ಬರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಆದದ್ದಕ್ಕೆಲ್ಲ ಗುಡ್ಡ ಕಡಿದದ್ದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಆ ಸಲದ ಮಳೆಯೇ ಬೇರೆ. ಆದರೆ ಕಡಿದು ಬಿಟ್ಟ ಬರೆಯ ಬುಡದಲ್ಲಿ ನಿಂತು ಮಳೆ ನೋಡಿದವರಿಗೆ ನನ್ನ ಭಯ ಅರ್ಥವಾಗುತ್ತದೆ.

ಇನ್ನು ನೀರು. ಕೆಲಸ ಶುರು ಮಾಡಿದಾಗ ನಾನೇ ಒಂದು ತಪ್ಪು ಮಾಡಿದೆ. ಹುಡುಗರಿಗೆ ನೆಟ್ಟಗೆ ಇಳಿಯುವ ದಾರಿ ಬೇಕಿತ್ತು. ತೋಟದವರೊಬ್ಬರ ಗುಡ್ಡದಲ್ಲಿ ಸೌದೆ ಹೊರುವವರು ಬಳಸುತ್ತಿದ್ದ ಹಳೆಯ ಜಾಡೊಂದು ನೆತ್ತಿಯಿಂದ ಬುಡದವರೆಗೆ ದಾರ ಇಳಿಬಿಟ್ಟ ಹಾಗೆ ನೇರವಾಗಿತ್ತು. ಇರುವ ದಾರಿಯೇ ಅಲ್ಲವೇ ಅಂತ ಒಪ್ಪಿಬಿಟ್ಟೆ. ಪೊದೆ ಸವರಿ, ಕಲ್ಲು ಎತ್ತಿ, ಜನವರಿಯಿಂದ ಮೇ ತನಕ ಸೈಕಲ್ ಓಡಿತು. ಮಳೆ ಶುರುವಾದ ಮೇಲೆ ಒಂದು ಸೈಕಲ್ಲೂ ಅಲ್ಲಿಗೆ ಹೋಗಲಿಲ್ಲ, ಇಂಬಳದ ಕಾಟಕ್ಕೆ ಮನುಷ್ಯರೂ ಹೋಗಲಿಲ್ಲ. ಅಕ್ಟೋಬರಿನಲ್ಲಿ ಹೋಗಿ ನೋಡಿದರೆ ಮೊಣಕಾಲುದ್ದ ಕೊರಕಲು. ತೋಟದ ಯಜಮಾನರು, “ನೋಡಿ, ನಿಮ್ಮ ಸೈಕಲ್ ನನ್ನ ಗುಡ್ಡನೇ ಸೀಳಿ ಹಾಕ್ತು” ಅಂದರು. ನಾಲ್ಕು ತಿಂಗಳು ಸೈಕಲ್ಲೇ ಬಾರದ ಜಾಗ ಅದು. ನಾನು ವಾದ ಮಾಡಲಿಲ್ಲ. ತಪ್ಪು ನನ್ನದೇ.

ಅಲ್ಲಿ ಎಮ್ಮೆ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ನಮ್ಮನ್ನು ನೋಡಿ ನಕ್ಕರು. “ಗಬ್ಬದ ಎಮ್ಮೆ ಹತ್ತೋ ದಾರಿ ಹುಡುಕೋದ್ ಬಿಟ್ಟು, ಕಲ್ಲು ಉರುಳೋ ದಾರೀಲಿ ಹೋಗೀರಲ್ಲ ಮಾರಾಯ್ರೆ!” ಗಬ್ಬದ ಎಮ್ಮೆ ಗುಡ್ಡಕ್ಕೆ ಎದುರಾಗಿ ಹತ್ತುವುದಿಲ್ಲ. ಮೈಗುಂಟ ಓರೆಯಾಗಿ ಹೋಗುತ್ತದೆ, ನಡುವೆ ಸ್ವಲ್ಪ ಇಳಿಯುತ್ತದೆ, ಮತ್ತೆ ಹತ್ತುತ್ತದೆ. ಘಟ್ಟದ ಕೆಳಗಿನ ಉಪ್ಪನ್ನು ಮೇಲಕ್ಕೂ ಮೇಲಿನ ಅಕ್ಕಿಯನ್ನು ಕೆಳಕ್ಕೂ ಸಾಗಿಸಿದ ಹೇರೆತ್ತಿನ ದಾರಿಗಳಲ್ಲಿ ಉಳಿದಿರುವ ತುಂಡುಗಳನ್ನು ನೋಡಿ, ಅವೂ ಹಾಗೆಯೇ ಸುತ್ತಿ ಬಳಸಿ ಹೋಗುತ್ತವೆ.

ಅಮೆರಿಕದಲ್ಲಿ 1988ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಸಂಘ ದಾರಿ ಮಾಡುವವರಿಗೆ ಹೇಳಿಕೊಡುವುದೂ ಎಮ್ಮೆಯ ಲೆಕ್ಕವನ್ನೇ. ದಾರಿಯ ಏರು ಗುಡ್ಡದ ಓರೆಯ ಅರ್ಧವನ್ನು ಮೀರಬಾರದು. ಮೀರಿದರೆ ನೀರು ದಾರಿಯನ್ನು ಅಡ್ಡ ದಾಟುವ ಬದಲು ದಾರಿಯನ್ನೇ ಹಿಡಿದು ಇಳಿಯುತ್ತದೆ. ಒಟ್ಟು ಸರಾಸರಿ ಏರು 10 ಪರ್ಸೆಂಟಿನ ಒಳಗಿರಲಿ. ದಾರಿಯ ಮೈ ಹೊರಬದಿಗೆ 5 ಪರ್ಸೆಂಟ್ ವಾಲಿರಲಿ, ಅಂದರೆ 3 ಅಡಿ ಅಗಲಕ್ಕೆ ಎರಡಂಗುಲಕ್ಕಿಂತ ತುಸು ಕಡಿಮೆ. ಗಾರೆ ಮೇಸ್ತ್ರಿಯ ರಸಮಟ್ಟ ಇದ್ದರೆ ಇಷ್ಟನ್ನೂ ಅಳೆಯಬಹುದು. ಆಮೇಲೆ ನಡುನಡುವೆ ದಾರಿ ಒಂದು ಸಣ್ಣ ತಗ್ಗಿಗೆ ಇಳಿದು ಏಳಬೇಕು, ಆ ತಗ್ಗಿನಲ್ಲಿ ನೀರು ಹೊರಗೆ ಜಾರಿಹೋಗುತ್ತದೆ. ನಮ್ಮ ಮಳೆಗೆ ನಾನು ಹದಿನೈದು ಇಪ್ಪತ್ತು ಹೆಜ್ಜೆಗೊಂದು ಇಡಿಸುತ್ತೇನೆ. ಸವಾರರಿಗೆ ಅದು ಅಲೆಯ ಮೇಲೆ ತೇಲಿದ ಹಾಗಾಗುತ್ತದಂತೆ. ಆಗಲಿ, ನನಗೆ ಬೇಕಿರುವುದು ನೀರು ಹೊರಗೆ ಹೋಗುವುದು.

ಈಗ ಜೀಪನ್ನು ಇದೇ ದಾರಿಗೆ ಬಿಡಿ. ಹೊರಬದಿಗೆ ವಾಲಿದ ಮೈ ಡ್ರೈವರಿಗೆ ಹೆದರಿಕೆ, ಮಟ್ಟ ಮಾಡಿ ಅನ್ನುತ್ತಾನೆ. ತಗ್ಗಿನಲ್ಲಿ ಅಡಿ ತಾಗುತ್ತದೆ, ಮುಚ್ಚಿ ಅನ್ನುತ್ತಾನೆ. ಎರಡೂ ಮಾಡಿದ ಮೇಲೆ ಎರಡು ಗಾಲಿಯ ಎರಡು ಜಾಡು ಬೀಳುತ್ತದೆ. ಆ ಜಾಡುಗಳೇ ಮಳೆಗಾಲದಲ್ಲಿ ಎರಡು ಕಾಲುವೆ.

ಪ್ರಾಮಾಣಿಕವಾಗಿ ಇನ್ನೊಂದನ್ನೂ ಹೇಳಬೇಕು, ಯಾಕೆಂದರೆ ಸಭೆಗಳಲ್ಲಿ ಇದನ್ನು ನನ್ನ ಮುಖಕ್ಕೇ ಹಿಡಿದವರಿದ್ದಾರೆ. 1994ರಲ್ಲಿ ಪ್ರಕಟವಾದ ಅಮೆರಿಕದ ಮೊಂಟಾನಾದ ಒಂದು ಅಧ್ಯಯನದಲ್ಲಿ ಒದ್ದೆ ದಾರಿಯ ಮಣ್ಣನ್ನು ಹೆಚ್ಚು ಸಡಿಲ ಮಾಡಿದ್ದು ಕುದುರೆಯ ಗೊರಸು ಮತ್ತು ನಡೆಯುವವರ ಪಾದ. ಸೈಕಲ್ ಮಾತ್ರವಲ್ಲ, ಮೋಟಾರ್ ಸೈಕಲ್ಲಿನ ಗಾಲಿಯೂ ಅಷ್ಟು ಮಾಡಲಿಲ್ಲ. “ಮತ್ತೆ ಬೈಕ್ ಬಿಟ್ರೆ ಏನ್ ಸಾರ್?” ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಅದು ಅಳೆದು ಗುರುತು ಮಾಡಿದ ತುಂಡುಗಳ ಮೇಲಿನ ಪರೀಕ್ಷೆ. ಗುಡ್ಡದಲ್ಲಿ ಭಾನುವಾರ ಆಗುವುದೇ ಬೇರೆ. ಸುಮಾರಾಗಿ ತುಳಿಯುವ ಮನುಷ್ಯನ ಕಾಲಿನಲ್ಲಿರುವುದು 150, 200 ವಾಟ್. 100 ಸಿಸಿ ಬೈಕಿನಲ್ಲಿ ಎಂಟು ಅಶ್ವಶಕ್ತಿ, ಅಂದರೆ ಆರು ಸಾವಿರ ವಾಟಿನ ಹತ್ತಿರ. ಏರಿನಲ್ಲಿ ಕಾಲು ಸೋತರೆ ಸೈಕಲ್ಲಿನವನು ಇಳಿದು ತಳ್ಳುತ್ತಾನೆ. ಬೈಕಿನವನು ಆಕ್ಸಿಲರೇಟರ್ ತಿರುಚುತ್ತಾನೆ, ಗಾಲಿ ನಿಂತಲ್ಲೇ ತಿರುಗಿ ಮಣ್ಣು ಹಿಂದಕ್ಕೆ ಎರಚುತ್ತದೆ. ಸೈಕಲ್ಲಿನವರೂ ಸಾಧುಗಳೇನಲ್ಲ. ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಒತ್ತಿ ಹಿಡಿದು ಜಾರಿಸಿಕೊಂಡು ಬರುವ ಹುಡುಗರಿಗೆ ನಾನು ಬೈದಷ್ಟು ಅವರ ಮನೆಯವರೂ ಬೈದಿರಲಾರರು.

ಬೈಕು ತಡೆಯುವುದು ಹೇಗೆ? ಬೋರ್ಡು ಹಾಕಿದರೆ ಅದರ ಮುಂದೆಯೇ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ನಮ್ಮ ಹಳ್ಳಿಗಳಲ್ಲಿ ಉತ್ತರ ಇದೆ, ಬೇಲಿಯ ತಡಮೆ. ಮನುಷ್ಯ ದಾಟುತ್ತಾನೆ, ದನ ದಾಟುವುದಿಲ್ಲ. ಹದಿನಾಲ್ಕು ಕೆ.ಜಿ. ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು ದಾಟಬಹುದು, ನೂರು ಕೆ.ಜಿ. ಮೀರಿದ ಬೈಕನ್ನಲ್ಲ. ಇನ್ನು ಬ್ಯಾಟರಿ ಸೈಕಲ್ ತಕರಾರು ಶುರುವಾಗಿದೆ. ಪೆಡಲ್ ಇರುವ, 250 ವಾಟ್‌ಗೂ ಗಂಟೆಗೆ 25 ಕಿ.ಮೀ.ಗೂ ಒಳಗಿನ ಸೈಕಲ್ಲನ್ನು ನಮ್ಮ ಕಾನೂನು ಮೋಟಾರ್ ವಾಹನವೆಂದು ಎಣಿಸುವುದಿಲ್ಲ. ಹಿರಿಯರು ಅದರಲ್ಲಿ ಬಂದರೆ ನನ್ನದೇನೂ ತಕರಾರಿಲ್ಲ. ನನ್ನ ಮಂಡಿಯನ್ನು ನೆನೆದೇ ಹೇಳುತ್ತಿರಬಹುದು.

ಜಾಗದ ವಿಷಯ ಚುಟುಕಾಗಿ ಹೇಳುತ್ತೇನೆ, ನಾನು ವಕೀಲನಲ್ಲ. ಪಹಣಿ ನೋಡದೆ ಗುದ್ದಲಿ ಎತ್ತಬೇಡಿ. ಗೋಮಾಳ ಅಂತ ಊರೆಲ್ಲ ಹೇಳುವ ಜಾಗ ಕಾಗದದಲ್ಲಿ ಡೀಮ್ಡ್ ಅರಣ್ಯ, ಅಂದರೆ ಅರಣ್ಯವೆಂದೇ ಪರಿಗಣಿಸಿದ ಜಾಗ, ಆಗಿರಬಹುದು. ಅಭಯಾರಣ್ಯದ ಕಡೆ ತಲೆಯನ್ನೂ ಹಾಕಬೇಡಿ. ಸೈಕಲ್ಲಿಗೆ ಸದ್ದಿಲ್ಲ ಅಂತ ಹೊಗಳುವವರು ಇನ್ನೊಂದು ಯೋಚಿಸಬೇಕು. ಸಕಲೇಶಪುರ, ಆಲೂರಿನ ಕಡೆ ಕಾಡಾನೆ ತೋಟದೊಳಗೇ ತಿರುಗುತ್ತದೆ. ಸದ್ದಿಲ್ಲದೆ ತಿರುವಿನಲ್ಲಿ ಎದುರಾದ ಸೈಕಲ್ಲು ಆನೆಗೂ ಒಳ್ಳೆಯದಲ್ಲ, ನಿಮಗಂತೂ ಅಲ್ಲವೇ ಅಲ್ಲ. ಅದಕ್ಕೇ ತಿರುವಿನಾಚೆ ಕಾಣುವಂತೆ ಪೊದೆ ಸವರಬೇಕು, ಗಂಟೆ ಕಟ್ಟಬೇಕು, ಬೆಳಿಗ್ಗೆ ತಡವಾಗಿ ತೆರೆದು ಸಂಜೆ ಬೇಗ ಮುಚ್ಚಬೇಕು. ಆನೆ ಬಂದಿದೆ ಅಂತ ಅರಣ್ಯ ಇಲಾಖೆಯವರು ಹೇಳಿದ ದಿನ ಬೀಗ. ಜೂನ್‌ನಿಂದ ಸೆಪ್ಟೆಂಬರ್ ಹೇಗೂ ಬೀಗ.

ದುಡ್ಡು ಬರುತ್ತದೆಯೇ ಅಂತ ಅಧ್ಯಕ್ಷರುಗಳು ಕೇಳುತ್ತಾರೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಡರ್ಬಿ ಅಂತ ಒಂದು ಪುಟ್ಟ ಊರಿದೆ. ತವರದ ಗಣಿಯಿಂದ ಬದುಕಿದ್ದ ಊರು. 1929ರಲ್ಲಿ ಗಣಿಯ ಅಣೆಕಟ್ಟು ಮಳೆಗೆ ಒಡೆದು 14 ಜನ ಸತ್ತರು, ಮುಂದೆ ಗಣಿಯೂ ಮುಚ್ಚಿತು. 2015ರಲ್ಲಿ ಅಲ್ಲಿ ಸೈಕಲ್ ದಾರಿ ತೆರೆದ ಮೇಲೆ ಜಗತ್ತಿನ ಸವಾರರೆಲ್ಲ ಆ ಊರಿನ ಹೆಸರು ಹೇಳುವಂತಾಯಿತು. ನಮ್ಮಲ್ಲೂ ಹಾಗೇ ಆಗುತ್ತದೆ ಅಂತ ಬರೆದುಕೊಡಿ ಅಂದರೆ ನಾನು ಬರೆದುಕೊಡುವುದಿಲ್ಲ. ಒಂದು ಮೆಸ್ಸು, ಒಂದು ಪಂಕ್ಚರ್ ಅಂಗಡಿ, ಹತ್ತು ಹೋಂಸ್ಟೇಗೆ ವಾರಾಂತ್ಯದ ವ್ಯಾಪಾರ ಆಗಬಹುದು, ಅಷ್ಟು ಹೇಳಬಲ್ಲೆ. ದಾರಿಯ ಮೇಲೆ ಜೀಪಿನ ಜಾಡು ಬಿದ್ದರೆ ಅದೂ ಆಗುವುದಿಲ್ಲ. ಜೀಪ್ ರಸ್ತೆಯಲ್ಲಿ ತುಳಿಯಲು ಯಾರೂ ಇನ್ನೂರು ಕಿಲೋಮೀಟರ್ ಬರುವುದಿಲ್ಲ.

ಹಾಗಾದರೆ ಎಮರ್ಜೆನ್ಸಿ? ಆ ಹಿರಿಯರ ಪ್ರಶ್ನೆಯನ್ನು ನಾನು ತಳ್ಳಿಹಾಕುತ್ತಿಲ್ಲ. ನಮ್ಮ ಗುಡ್ಡಗಳಲ್ಲಿ ತೋಟದ ಹಳೆಯ ರಸ್ತೆಗಳು ಹೇಗೂ ಇವೆ. ದಾರಿಗೆ ಗುರುತು ಹಾಕುವಾಗಲೇ ಕಿಲೋಮೀಟರಿಗೊಮ್ಮೆ ಅಂಥ ರಸ್ತೆಯೊಂದನ್ನು ಅದು ದಾಟುವ ಹಾಗೆ ನೋಡಿಕೊಳ್ಳುತ್ತೇನೆ. ಎಲ್ಲಿ ಬಿದ್ದರೂ ಜೀಪು ನಿಲ್ಲುವ ಜಾಗ ಅರ್ಧ ಕಿಲೋಮೀಟರಿಗಿಂತ ದೂರ ಇರುವುದಿಲ್ಲ. ದಾಟುವ ಕಡೆಯೆಲ್ಲ ಕಲ್ಲಿನ ಮೇಲೆ ನಂಬರು, ಊರಿನಲ್ಲೊಂದು ಸ್ಟ್ರೆಚರ್, ಹೊರಲು ಕಲಿತ ಎಂಟು ಜನ.

ಕಳೆದ ಫೆಬ್ರವರಿಯಲ್ಲಿ ಒಬ್ಬ ಹುಡುಗ ಬಿದ್ದು ಕಾಲರ್ ಬೋನ್ ಮುರಿದುಕೊಂಡ. ಫೋನಿನಲ್ಲಿ ಕಲ್ಲಿನ ನಂಬರು ಹೇಳಿದ. ಸ್ಟ್ರೆಚರ್ ತಲುಪುವ ಮೊದಲೇ ಕೈಯನ್ನು ಟವೆಲಿನಲ್ಲಿ ಕಟ್ಟಿಕೊಂಡು ತಾನೇ ನಡೆದು ರಸ್ತೆಗೆ ಬಂದುಬಿಟ್ಟಿದ್ದ. ಅಲ್ಲಿ ಜೀಪು ತಂದು ನಿಲ್ಲಿಸಿದ್ದವರು ಹಿಂದಿನ ಸಾಲಿನ ಆ ಹಿರಿಯರೇ. ಊಟ ಬಿಟ್ಟು ಬಂದಿದ್ದರು. ಹುಡುಗನನ್ನು ಆಸ್ಪತ್ರೆಗೆ ಸೇರಿಸಿ, ಕಟ್ಟು ಹಾಕಿಸಿ, ನನಗೆ ಕಾಫಿ ಕೊಡಿಸಿದರು. ಲೋಟ ಕೆಳಗಿಡುತ್ತಾ ಹೇಳಿದರು: “ಏನೇ ಹೇಳಿ ಸಾರ್, ಇನ್ನೊಂಚೂರು ಅಗಲ ಇದ್ದಿದ್ರೆ ಬಿದ್ದಲ್ಲಿಗೇ ಹೋಗಿ ಕರ್ಕೊಂಡ್ ಬರ್ತಿದ್ದೆ.”