ಹಿಸ್ಪಾನೊ-ಸುಯಿಜಾ: ಒಂದು ಎಂಜಿನ್ ಬ್ಲಾಕ್ ಹಿಡಿದು ಓದಬಹುದಾದ ಚರಿತ್ರೆ

ಕಾರು ಮತ್ತು ವಿಮಾನದ ಎಂಜಿನ್ ಮಾಡುತ್ತಿದ್ದ ಈ ಕಂಪನಿಯ ಹೆಸರಿನಲ್ಲೇ ಅರ್ಧ ಕಥೆ ಇದೆ. ಹಿಸ್ಪಾನೊ ಅಂದರೆ ಸ್ಪೇನಿನದು, ಸುಯಿಜಾ ಅಂದರೆ ಸ್ವಿಸ್. ಬಂಡವಾಳ ಬಾರ್ಸಿಲೋನಾದ ಡಾಮಿಯನ್ ಮಾತೆವು ಮತ್ತು ಅವರ ಜೊತೆಗಾರರದು, ವಿನ್ಯಾಸ ಜಿನೀವಾದಲ್ಲಿ ಹುಟ್ಟಿದ ಮಾರ್ಕ್ ಬಿರ್ಕಿಗ್ಟ್‌ ಅವರದು. ಕಂಪನಿ ಶುರುವಾದದ್ದು 1904ರಲ್ಲಿ. ಅದಕ್ಕೂ ಮೊದಲು ಬಿರ್ಕಿಗ್ಟ್ ಕೆಲಸ ಮಾಡಿದ ಲಾ ಕ್ವಾದ್ರಾ, ಕಾಸ್ತ್ರೊ ಎಂಬ ಎರಡು ಕಾರು ಕಂಪನಿಗಳು ಹಣವಿಲ್ಲದೆ ಮುಚ್ಚಿದ್ದವು. 1911ರಲ್ಲಿ ಪ್ಯಾರಿಸ್ ಪಕ್ಕದ ಲವಲ್ವಾ-ಪೆರೆಯಲ್ಲಿ ಶಾಖೆ ತೆರೆದರು, 1914ರಲ್ಲಿ ಅದು ಬ್ವಾ-ಕೊಲೊಂಬ್‌ಗೆ ಹೋಯಿತು. ಹಾಗಾಗಿ ಇದು ಫ್ರೆಂಚ್ ಕಂಪನಿ ಎಂದು ಬರೆದರೆ ಅರ್ಧ ಸರಿ, ಸ್ಪ್ಯಾನಿಷ್ ಎಂದರೂ ಅರ್ಧ ಸರಿ.

ಮೊದಲ ಮಹಾಯುದ್ಧಕ್ಕೆ ಮುಂಚಿನ ಕಾರುಗಳಲ್ಲಿ ಒಂದನ್ನು ನೆನಪಿಟ್ಟರೆ ಸಾಕು: ಸ್ಪೇನಿನ ದೊರೆ 13ನೇ ಅಲ್ಫಾನ್ಸೊ ಹೆಸರಿನದು. ಬೋರ್ (ಸಿಲಿಂಡರಿನ ವ್ಯಾಸ) 80 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 180 ಮಿ.ಮೀ., ನಾಲ್ಕು ಸಿಲಿಂಡರ್, ಸುಮಾರು 3.6 ಲೀಟರ್.

ಈಗ ಮುಖ್ಯ ವಿಷಯ. 1914ರ ಕೊನೆಗೆ ವಿಮಾನದ ಎಂಜಿನ್ ಬೇಕಾಯಿತು. ಆಗ ಯುದ್ಧವಿಮಾನಗಳಲ್ಲಿ ಹೆಚ್ಚಾಗಿ ಇದ್ದದ್ದು ರೋಟರಿ ಎಂಜಿನ್, ಅಂದರೆ ಪ್ರೊಪೆಲ್ಲರ್ ಜೊತೆಗೆ ಇಡೀ ಎಂಜಿನ್ನೇ ಗರಗರ ತಿರುಗುವಂಥದ್ದು. ನೀರಿನಿಂದ ತಣಿಯುವ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಒಂದೊಂದು ಸಿಲಿಂಡರನ್ನೂ ಬೇರೆಬೇರೆ ಮಾಡಿ, ಮೇಲೆ ತಗಡಿನ ನೀರಿನ ಜಾಕೆಟ್ ಬೆಸೆದು, ಸಾಲಾಗಿ ಬೋಲ್ಟ್ ಮಾಡುತ್ತಿದ್ದರು. ಸಿಲಿಂಡರ್ ಒಂದೊಂದೂ ತನ್ನಷ್ಟಕ್ಕೆ ಅಲುಗುತ್ತಿದ್ದರಿಂದ ಗಟ್ಟಿತನಕ್ಕೆ ಮುಖ್ಯ ಅಕ್ಷ (ಕ್ರ್ಯಾಂಕ್) ಕೂರುವ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸನ್ನೇ ಭಾರವಾಗಿ ಮಾಡಬೇಕಿತ್ತು. ಬಿರ್ಕಿಗ್ಟ್ ನಾಲ್ಕು ಸಿಲಿಂಡರ್‌ಗಳನ್ನು ಒಂದೇ ಅಲ್ಯೂಮಿನಿಯಂ ಎರಕದಲ್ಲಿ ಹೊಯ್ದರು, ಅಂಥ ಎರಡು ಬ್ಲಾಕ್‌ಗಳನ್ನು 90 ಡಿಗ್ರಿ ಕೋನದಲ್ಲಿ ಕೂರಿಸಿ ವಿ-8 ಮಾಡಿದರು. ಬ್ಲಾಕೇ ಎಂಜಿನ್ನಿನ ಬೆನ್ನೆಲುಬಾಯಿತು.

ಅಳತೆ: ಬೋರ್ 120, ಸ್ಟ್ರೋಕ್ 130 ಮಿ.ಮೀ. ಲೆಕ್ಕ ಹಾಕಿ ನೋಡಿ: 0.7854 × 12 × 12 × 13 × 8, ಸುಮಾರು 11,760 ಘನ ಸೆಂ.ಮೀ., ಅಂದರೆ 11.76 ಲೀಟರ್. ಮೊದಲ ಮಾದರಿ 140 ಅಶ್ವಶಕ್ತಿ ಕೊಟ್ಟಿತು, ಮುಂದಿನವು 150, 180. ಅಳತೆ ಅದೇ. ಕಂಪ್ರೆಷನ್ (ಸಿಲಿಂಡರಿನಲ್ಲಿ ಇಂಧನ-ಗಾಳಿಯನ್ನು ಅದುಮುವ ಪ್ರಮಾಣ) ಏರಿಸಿ, ವೇಗ ಹೆಚ್ಚಿಸಿ ಶಕ್ತಿ ಪಡೆದರು.

ಬ್ಲಾಕಿನ ಒಳಗೆ ಇಣುಕೋಣ. ಅಲ್ಯೂಮಿನಿಯಂ ಮೃದು, ಪಿಸ್ಟನ್ ಉಜ್ಜಾಟ ತಡೆಯದು. ಅದಕ್ಕೆ ಉಕ್ಕಿನ ಲೈನರ್ ಬೇಕು. ಈ ಲೈನರ್ ಮೇಲ್ತುದಿ ಮುಚ್ಚಿದ ಕೊಳವೆ, ಲೋಟವನ್ನು ಬೋರಲು ಹಾಕಿದ ಹಾಗೆ. ಹೊರಮೈಗೆ ಥ್ರೆಡ್ ಇರುತ್ತದೆ, ಬ್ಲಾಕಿನೊಳಗೆ ತಿರುಪಿ ಬಿಗಿಯುತ್ತಾರೆ. ವಾಲ್ವ್ ಕೂರುವ ಸೀಟು ಆ ಮುಚ್ಚಿದ ತುದಿಯಲ್ಲೇ ಇದೆ. ತಣಿಸುವ ನೀರು ಉಕ್ಕನ್ನು ಮುಟ್ಟುವುದೇ ಇಲ್ಲ. ಶಾಖ ಉಕ್ಕಿನಿಂದ ಅಲ್ಯೂಮಿನಿಯಂಗೆ, ಅಲ್ಲಿಂದ ನೀರಿಗೆ ಹೋಗಬೇಕು. ಎರಕದಲ್ಲಿ ಸಣ್ಣ ರಂಧ್ರಗಳಿದ್ದರೆ ನೀರು ಜಿನುಗುತ್ತದೆ, ಆದ್ದರಿಂದ ಬ್ಲಾಕಿಗೆ ಎನಾಮಲ್ ಹಾಕಿ ಸುಡುತ್ತಿದ್ದರು.

ದುರ್ಬಲ ಜಾಗವೂ ಇದೇ. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಲೈನರಿನ ಚಪ್ಪಟೆ ತಲೆ ಮತ್ತು ಬ್ಲಾಕಿನ ನಡುವೆ ಕೂದಲೆಳೆಯಷ್ಟು ಸಂದು ಬಿದ್ದರೂ ಶಾಖ ದಾಟುವುದು ಕುಂಠಿತವಾಗುತ್ತದೆ, ಸೀಟು ಸೊಟ್ಟಗಾಗುತ್ತದೆ, ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ನೀರು ನೇರ ಲೈನರನ್ನೇ ತಾಗುವ ವೆಟ್ ಲೈನರ್ ಮುಂದೆ ಯಾಕೆ ಬೇಕಾಯಿತು ಎಂಬುದಕ್ಕೆ ಉತ್ತರ ಇಲ್ಲೇ ಇದೆ.

ವಾಲ್ವ್ ತೆರೆಯುವ ವ್ಯವಸ್ಥೆ ಮಾತ್ರ ಅಂದಿಗೆ ಬಹಳ ಅಚ್ಚುಕಟ್ಟು. ಪ್ರತಿ ಸಾಲಿನ ಮೇಲೆ ವಾಲ್ವ್ ಒತ್ತುವ ಉಬ್ಬುಗಳಿರುವ (ಕ್ಯಾಮ್) ಅಕ್ಷ, ಅಂದರೆ ಒಂದು ಕ್ಯಾಮ್‌ಶಾಫ್ಟ್, ಅದನ್ನು ಹಿಂಬದಿಯಿಂದ ನಿಂತ ಶಾಫ್ಟು ಮತ್ತು ಬೆವೆಲ್ ಗೇರು ತಿರುಗಿಸುತ್ತವೆ. ನಡುವೆ ಚಲನೆ ದಾಟಿಸುವ ರಾಕರ್ ಇಲ್ಲ, ಪುಶ್‌ರಾಡ್ ಇಲ್ಲ. ಕ್ಯಾಮ್ ನೇರ ವಾಲ್ವ್ ಕಾಂಡದ ತಲೆಯ ಬಿಲ್ಲೆಯನ್ನು ಒತ್ತುತ್ತದೆ. ಆ ಬಿಲ್ಲೆಯನ್ನು ತಿರುಗಿಸಿಯೇ ಕ್ಲಿಯರೆನ್ಸ್ (ಕ್ಯಾಮ್ ಮತ್ತು ಬಿಲ್ಲೆಯ ನಡುವಿನ ಸಂದು) ಹೊಂದಿಸುವುದು. ಎಲ್ಲವೂ ಮುಚ್ಚಳದೊಳಗೆ ಎಣ್ಣೆಯಲ್ಲಿ ಇರುತ್ತದೆ, ದೂಳು ಸೇರದು.

150 ಅಶ್ವಶಕ್ತಿಯ ಮಾದರಿ ಫ್ರಾನ್ಸಿನ ಸ್ಪ್ಯಾಡ್ 7 ಯುದ್ಧವಿಮಾನಕ್ಕೂ ಬ್ರಿಟನ್ನಿನ ಎಸ್.ಇ.5ಕ್ಕೂ ಹೋಯಿತು. ಇನ್ನೂ ಶಕ್ತಿ ಕೇಳಿದಾಗ ಗೇರಿನ ಮಾದರಿ ಬಂತು, 200ರಿಂದ 220 ಅಶ್ವಶಕ್ತಿ. ಕಾರಣ ಸರಳ: ಶಕ್ತಿ ಬೇಕಾದರೆ ಕ್ರ್ಯಾಂಕ್ ಜೋರಾಗಿ ತಿರುಗಬೇಕು, ಆದರೆ ಪ್ರೊಪೆಲ್ಲರ್ ನಿಧಾನವಾಗಿ ತಿರುಗಿದರೆ ಗಾಳಿಯನ್ನು ಚೆನ್ನಾಗಿ ತಳ್ಳುತ್ತದೆ. ಕ್ರ್ಯಾಂಕ್ 2,000 ಸುತ್ತು ತಿರುಗಿದಾಗ 0.75 ಅನುಪಾತದಲ್ಲಿ ಪ್ರೊಪೆಲ್ಲರ್ 1,500 ಸುತ್ತು, 0.585ರಲ್ಲಿ 1,170. ಇದರಿಂದ ಎರಡು ಪರಿಣಾಮ. ಜೋಡಿ ಗೇರು ಆದ್ದರಿಂದ ಪ್ರೊಪೆಲ್ಲರ್ ಕ್ರ್ಯಾಂಕ್‌ಗೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತದೆ, ಅದರ ಅಕ್ಷ ಕ್ರ್ಯಾಂಕ್‌ಗಿಂತ ಮೇಲೆ ಬರುತ್ತದೆ. ಆ ಟೊಳ್ಳು ಅಕ್ಷದ ಮೂಲಕವೇ 37 ಮಿ.ಮೀ. ಫಿರಂಗಿ ಹಾರಿಸುವ ಸ್ಪ್ಯಾಡ್ 12 ಹುಟ್ಟಿದ್ದು.

ಆದರೆ ಗೇರೇ ಕೈಕೊಟ್ಟಿತು. ಬೇರೆ ಕಾರ್ಖಾನೆಗಳಿಗೂ ಪರವಾನಗಿ ಕೊಟ್ಟು ಎಂಜಿನ್ ಮಾಡಿಸುತ್ತಿದ್ದ ಕಾಲ. ಫ್ರಾನ್ಸಿನ ಬ್ರಾಸಿಯೇ ಮಾಡಿದ ಗೇರುಗಳಿಗೆ ಸರಿಯಾದ ಹಾರ್ಡನಿಂಗ್ (ಕಾಯಿಸಿ ಗಟ್ಟಿಗೊಳಿಸುವುದು) ಆಗಿರಲಿಲ್ಲ. ಹದ ತಪ್ಪಿದ ಹಲ್ಲು ಬೇಗ ಸವೆಯುತ್ತದೆ, ಇಲ್ಲವೇ ಚೂರಾಗುತ್ತದೆ. ಸಾಲದ್ದಕ್ಕೆ ಈ ವಿ-8ರ ಕ್ರ್ಯಾಂಕ್‌ನ ನಾಲ್ಕೂ ಮೊಣಕೈಗಳು ಒಂದೇ ಸಮತಲದಲ್ಲಿವೆ, ಅಡ್ಡಡ್ಡ ನಡುಕ ಪೂರ್ತಿ ರದ್ದಾಗುವುದಿಲ್ಲ. ಎಂಜಿನ್ ಕೊರತೆ ಎಷ್ಟಿತ್ತೆಂದರೆ ಇಂಥ ಗೇರಿದ್ದ ಎಂಜಿನ್‌ಗಳನ್ನೂ ಬ್ರಿಟಿಷರು ಹಾಗೇ ಬಳಸಿದರು. ಕೊನೆಗೆ ಎಸ್.ಇ.5ಎ ವಿಮಾನಕ್ಕೆ ನೆಮ್ಮದಿ ಕೊಟ್ಟದ್ದು ವೂಲ್ಸ್‌ಲಿ ಕಂಪನಿಯ ವೈಪರ್. ಅದೇ ಹಿಸ್ಪಾನೊ ಬ್ಲಾಕ್, ಕಂಪ್ರೆಷನ್ ಹೆಚ್ಚು, ಗೇರಿಲ್ಲ, 200 ಅಶ್ವಶಕ್ತಿ. ಗೇರು ಎಂಬ ಯೋಚನೆ ತಪ್ಪಿರಲಿಲ್ಲ, ಅಂದಿನ ಶಾಖ-ಸಂಸ್ಕರಣೆ ಅದಕ್ಕೆ ಸಾಲಲಿಲ್ಲ ಎಂಬುದು ನನ್ನ ತೀರ್ಮಾನ. ಒಟ್ಟಾರೆ ಎಲ್ಲ ದೇಶಗಳ ಪರವಾನಗಿ ತಯಾರಿಕೆ ಸೇರಿ ಈ ವಿ-8 ಎಂಜಿನ್ 50,000ದ ಹತ್ತಿರ ತಯಾರಾದವು.

ಯುದ್ಧ ಮುಗಿದ ಮೇಲೆ ಅದೇ ವಿದ್ಯೆ ಕಾರಿಗೆ ಮರಳಿತು. 1919ರ ಪ್ಯಾರಿಸ್ ಪ್ರದರ್ಶನದ ಎಚ್6 ಕಾರಿನಲ್ಲಿ 100 × 140 ಮಿ.ಮೀ., ಆರು ಸಿಲಿಂಡರ್, 6.6 ಲೀಟರ್. ಅಲ್ಯೂಮಿನಿಯಂ ಬ್ಲಾಕು, ತಿರುಪಿ ಕೂರಿಸಿದ ಉಕ್ಕಿನ ಲೈನರು, ಮೇಲೊಂದು ಕ್ಯಾಮ್‌ಶಾಫ್ಟ್, ಎಲ್ಲ ಹಳೆಯ ಪರಿಚಯವೇ. ರೇಡಿಯೇಟರ್ ಮೇಲಿನ ಕೊಕ್ಕರೆ, ಸ್ಪ್ಯಾಡ್ ಹಾರಿಸುತ್ತಿದ್ದ ಪೈಲಟ್ ಗಿನ್‌ಮೆರ್ ಅವರ ದಳದ ಲಾಂಛನ. ಹೊಸತೆಂದರೆ ಬ್ರೇಕು. ಗೇರ್‌ಬಾಕ್ಸಿನಿಂದ ತಿರುಗುವ ಒಂದು ಸಣ್ಣ ಡ್ರಮ್ಮನ್ನು ಪೆಡಲ್ ಹಿಡಿಯುತ್ತದೆ, ಆ ಡ್ರಮ್ಮಿನ ಎಳೆತವೇ ನಾಲ್ಕೂ ಚಕ್ರದ ಬ್ರೇಕನ್ನು ಜಗ್ಗುತ್ತದೆ. ಕಾರು ನಿಂತಿದ್ದರೆ ಈ ಸಹಾಯ ಸಿಗದು, ಚಲನೆಯಿಂದಲೇ ಅದರ ಬಲ. ರೋಲ್ಸ್-ರಾಯ್ಸ್ ಇದರ ಪರವಾನಗಿ ಪಡೆಯಿತು.

ಮುಂದಿನದನ್ನು ಬೇಗ ದಾಟೋಣ. 1930ರ ದಶಕದ 36 ಲೀಟರಿನ 12ವೈ ವಿಮಾನ ಎಂಜಿನ್ ಸೋವಿಯತ್‌ನಲ್ಲಿ ಕ್ಲಿಮೊವ್ ಎಂಜಿನ್‌ಗಳಿಗೆ ಮೂಲವಾಯಿತು. ಫ್ರಾನ್ಸಿನಲ್ಲಿ ಕಾರು ತಯಾರಿಕೆ 1938ರಲ್ಲಿ ನಿಂತಿತು. ಬಾರ್ಸಿಲೋನಾದ ಕಾರ್ಖಾನೆ 1946ರಲ್ಲಿ ಪೆಗಾಸೊ ಲಾರಿ ಮಾಡುವ ಎನಾಸಾ ಕೈಗೆ ಹೋಯಿತು. ಅಲ್ಲಿಗೆ ಹೆಸರು ಸಾಯಲಿಲ್ಲ. 1953ರಿಂದ ನಮ್ಮ ವಾಯುಪಡೆಗೆ ಬಂದ ತೂಫಾನಿ, ಅಂದರೆ ಡಸಾಲ್ಟ್ ಉರಗಾನ್ ಜೆಟ್‌ನಲ್ಲಿ ಇದ್ದದ್ದು ಹಿಸ್ಪಾನೊ-ಸುಯಿಜಾ ಮಾಡಿದ 'ನೀನ್' ಎಂಬ ಜೆಟ್ ಎಂಜಿನ್, ಮೂತಿಯಲ್ಲಿ ಅದೇ ಕಂಪನಿಯ 20 ಮಿ.ಮೀ. ತೋಪು ನಾಲ್ಕು. ನೀನ್ ಮಾತ್ರ ಅವರ ಸ್ವಂತದ್ದಲ್ಲ; ಈ ಸಲ ಪರವಾನಗಿ ಕೊಟ್ಟದ್ದು ರೋಲ್ಸ್-ರಾಯ್ಸ್.